ದಯವಿಟ್ಟು ಸ್ಪಷ್ಟವಾದ ಗುರುತು

ನಮ್ಮ ವಾರ್ಡಿನ ಕ್ಲಾರಾಬಾಯಿಗೆ ದೇವರ ಮೇಲೆ ಸಂಶಯವಿಲ್ಲ. ಸಂಶಯವಿರುವುದೆಲ್ಲ ತಮ್ಮ ಮೇಲೆ. ಉಡುಪಿಯ ಬನ್ನಂಜೆಯ ಮನೆಯಿಂದ ಹೊರಟು ರಸ್ತೆಗೆ ಇಳಿಯುವಷ್ಟರಲ್ಲಿ ಎರಡು ಸಾರಿ ಹಿಂದಕ್ಕೆ ಹೋಗಿ ಬೀಗ ಎಳೆದು ನೋಡುತ್ತಾರೆ. ಒಮ್ಮೆ ಪಾಪನಿವೇದನೆ ಮುಗಿಸಿ ಬಂದವರು, ಹೇಳಿದ ಪಾಪವನ್ನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಸಾಲಿಗೆ ಬಂದು ನಿಂತರು. ಆ ಸಾಲಿನಲ್ಲಿ ನಾನೂ ಇದ್ದೆ. ನನ್ನ ಸರದಿ ಆದಷ್ಟು ತಡವಾಗಲೆಂದು ಅವರನ್ನು ಸಂತೋಷದಿಂದ ಮುಂದೆ ಬಿಟ್ಟೆ.

ನಾನು ಈ ವಾರ್ಡಿನ ಗುರ್ಕಾರ. ಎಂದರೆ ಇಗರ್ಜಿಗೆ, ನಮ್ಮ ಚರ್ಚಿಗೆ, ಸೇರಿದ ಮೂವತ್ತೈದು ಮನೆಗಳಿಗೊಬ್ಬ ಮುಖಂಡ. ಇದು ನನ್ನ ಮೂರನೆಯ ಅವಧಿ. ಜನರ ಪ್ರೀತಿಯೇನೂ ಕಾರಣವಲ್ಲ. ಆಯ್ಕೆಯ ದಿನ ಉಳಿದ ಗಂಡಸರೆಲ್ಲ ಬುದ್ಧಿವಂತಿಕೆಯಿಂದ ಗೈರುಹಾಜರಾಗಿದ್ದರು. ದೇವಮಾತೆಗೆ ಸಲ್ಲಿಸುವ ಬುಧವಾರದ ನೊವೆನಾ ಪ್ರಾರ್ಥನೆಯಲ್ಲಿ ಭಕ್ತರ ಬಿನ್ನಹದ ಚೀಟಿಗಳನ್ನು ಮೈಕಿನಲ್ಲಿ ಓದುವ ಕೆಲಸವೂ ನನ್ನದೇ. ನನ್ನ ದನಿ ದೊಡ್ಡದು ಎಂಬುದೊಂದೇ ಅದಕ್ಕಿರುವ ಅರ್ಹತೆ. ಈ ಕಥೆಯಲ್ಲಿ ನಡೆದ ಅನಾಹುತಕ್ಕೂ ಅದೇ ಕಾರಣ.

ಕ್ಲಾರಾಬಾಯಿಗೆ ಈಗ ಐವತ್ತಮೂರು. ಮಣಿಪಾಲದ ಒಂದು ಆಲ್ಟರೇಶನ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹೊಲಿಗೆ. ಡಾಕ್ಟರಾಗಲು ಬಂದ ಮಕ್ಕಳ ಬಿಳಿ ಏಪ್ರನ್‌ಗಳ ತೋಳು ಗಿಡ್ಡ ಮಾಡುವುದು, ಪ್ಯಾಂಟಿನ ಸೊಂಟ ಬಿಡಿಸುವುದು. ಮೊದಲ ವರ್ಷ ಬಿಗಿ ಮಾಡಿಸಿಕೊಂಡವರೇ ಮೂರನೆಯ ವರ್ಷ ಬಿಡಿಸಲು ಬರುತ್ತಾರೆ ಎಂದು ಬಲ್ಲ ಅವರು, ಎಷ್ಟೇ ಬಿಗಿ ಮಾಡಿದರೂ ಒಳಗೆ ಒಂದಿಂಚು ಬಟ್ಟೆ ಉಳಿಸಿಯೇ ಹೊಲಿಯುತ್ತಾರೆ. ಅಂಗಡಿಯಲ್ಲಿ ಮುಗಿಯದ್ದನ್ನು ಮನೆಗೆ ತರುತ್ತಾರೆ. ಮಗಳು ಮೆಲಿಷಾ ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ಹೊಲಿಗೆಯ ಕೋಣೆಯಾಯಿತು. ಏಳು ಮಕ್ಕಳ ನಡುವೆ ಹುಟ್ಟಿ, ನೇರವಾಗಿ ಗಂಡನ ಮನೆಯ ಜನಜಂಗುಳಿಗೆ ಬಂದಿದ್ದ ಕ್ಲಾರಾಬಾಯಿಗೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಿಕ್ಕಿದ್ದು ಜೀವನದಲ್ಲೇ ಮೊದಲ ಬಾರಿ.

ಗಂಡ ಅಲೋಶಿಯಸ್ ಇಪ್ಪತ್ತಾರು ವರ್ಷ ಬಹರೈನಿನಲ್ಲಿದ್ದು ಬಂದವರು. ಒಳ್ಳೆಯ ಮನುಷ್ಯ. ಬಹರೈನಿನಿಂದ ಒಂದು ದೊಡ್ಡ ಟಿವಿ ತಂದಿದ್ದಾರೆ. ಸ್ವಂತ ಅಭಿಪ್ರಾಯ ಮಾತ್ರ ಒಂದನ್ನೂ ತಂದಿಲ್ಲ. ಏನು ಕೇಳಿದರೂ ಎರಡೇ ಉತ್ತರ: "ನಿನ್ನ ಇಷ್ಟ", ಇಲ್ಲವೇ "ದೇವರ ಇಷ್ಟ".

ಈ ಅಲೋಶಿಯಸ್‌ಗೆ ಒಬ್ಬಳು ಅಕ್ಕ, ಬರ್ತಾಬಾಯಿ. ಮದುವೆಯಾಗಲಿಲ್ಲ. ಕಾಪುವಿನ ಒಂದು ಶಾಲೆಯಲ್ಲಿ ಮೂವತ್ತೆಂಟು ವರ್ಷ ಎಲ್‌ಕೆಜಿ ಮಕ್ಕಳಿಗೆ ಕಲಿಸಿದರು. ಎಲ್‌ಕೆಜಿಯಿಂದ ಹೊರಗಿರುವವರನ್ನೂ ಅವರು ಎಲ್‌ಕೆಜಿಯವರಂತೆಯೇ ಕಾಣುತ್ತಾರೆ. ಕ್ಲಾರಾಬಾಯಿಯ ಮದುವೆಯ ಹಿಂದಿನ ದಿನ, ರೋಸ್ ಎಂದು ಹುಡುಗಿಯ ತಲೆಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರದಲ್ಲಿ, ಎಲ್ಲರ ಮುಂದೆ "ಬಣ್ಣ ಸಾಲದು, ಆದರೆ ಹಲ್ಲು ಗಟ್ಟಿ ಉಂಟು" ಎಂದು ಘೋಷಿಸಿದವರು ಇವರೇ. ಪ್ರತಿ ಕ್ರಿಸ್‌ಮಸ್‌ಗೆ ಕ್ಲಾರಾಬಾಯಿ ಕಳಿಸುವ ಕುಸ್ವಾರಿನ ತಿಂಡಿಗಳಲ್ಲಿ ಬಾಯಿ ಬಿಟ್ಟುಕೊಂಡ ಕರ್ಜಿಕಾಯಿಗಳನ್ನು ಆರಿಸಿ, ಬೇರೆ ಪೊಟ್ಟಣ ಕಟ್ಟಿ, ಮರಳಿ ಕಳಿಸುತ್ತಿದ್ದರು. ಜತೆಗೆ ಚೀಟಿ: "ಅಂಚು ಒತ್ತುವಾಗ ನೀರು ಮುಟ್ಟಿಸಬೇಕು." ಬೇರೆಯವರಾದರೆ ಕಳಿಸುವುದನ್ನೇ ನಿಲ್ಲಿಸುತ್ತಿದ್ದರು. ಕ್ಲಾರಾಬಾಯಿ ನೀರು ಮುಟ್ಟಿಸಲು ಶುರುಮಾಡಿದರು.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಹೊಸ ತೆನೆಯ ಹಬ್ಬ ಮುಗಿದ ಮರುವಾರ, ಎರಡು ಸುದ್ದಿ ಒಟ್ಟಿಗೆ ಬಂದವು. ಬರ್ತಾಬಾಯಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದರು. ಅವರು ಬಾಡಿಗೆಗಿದ್ದ ಮನೆಯನ್ನು ಯಜಮಾನರು ಕೆಡವಿ ಕಟ್ಟಲಿದ್ದರು; ನವೆಂಬರ್ ಕೊನೆಯೊಳಗೆ ಬಿಡಬೇಕಿತ್ತು. ಕಾರ್ಕಳದ ಹತ್ತಿರ ಸಿಸ್ಟರುಗಳು ನಡೆಸುವ ಒಂದು ವೃದ್ಧಾಶ್ರಮದಲ್ಲಿ ಮಂಚವೊಂದು ಖಾಲಿ ಇದೆಯೆಂದೂ, ಬೇಗ ಹೇಳಿದರೆ ಇಟ್ಟುಕೊಳ್ಳುತ್ತಾರೆಂದೂ ಯಾರೋ ತಿಳಿಸಿದರು. ಕಾರ್ಕಳದ ಆಶ್ರಮವೋ, ಬನ್ನಂಜೆಯ ತಮ್ಮನ ಮನೆಯೋ?

"ಎಂತ ಮಾಡುವುದು?" ಎಂದು ಕ್ಲಾರಾಬಾಯಿ ಗಂಡನನ್ನು ಕೇಳಿದರು.

"ನಿನ್ನ ಇಷ್ಟ," ಎಂದರು ಅಲೋಶಿಯಸ್.

"ಅಕ್ಕ ನಿಮ್ಮದು, ಮಾರಾಯ್ರೇ."

"ಹಾಗಾದರೆ ದೇವರ ಇಷ್ಟ."

ದೇವರ ಇಷ್ಟ ಯಾವುದು ಎಂದು ಹುಡುಕಲು ಕ್ಲಾರಾಬಾಯಿ ಹೊರಟಿದ್ದು ಹೀಗೆ. ಅದೇ ಸಮಯಕ್ಕೆ ನಮ್ಮ ಇಗರ್ಜಿಯಲ್ಲಿ ಮೂರು ದಿನದ ಧ್ಯಾನಕೂಟ ಬಂತು. ಹೊರಗಿನಿಂದ ಬಂದಿದ್ದ ಪ್ರಬೋಧಕರು ವಿವೇಚನೆಯ ವಿಷಯವನ್ನೇ ಎತ್ತಿಕೊಂಡರು. ಮನುಷ್ಯನ ಮನಸ್ಸಿನಲ್ಲಿ ಮೂರು ದನಿಗಳು ಮಾತಾಡುತ್ತವೆ: ಒಂದು ದೇವರದು, ಒಂದು ನಮ್ಮದೇ, ಇನ್ನೊಂದು ಆ ಇನ್ನೊಬ್ಬನದು. ಒಂದು ನಿರ್ಧಾರ ಮಾಡಿ ಕೆಲವು ದಿನ ಮನಸ್ಸಿನಲ್ಲಿಟ್ಟುಕೊಂಡು ನೋಡಿ. ಸಮಾಧಾನ ಉಳಿದರೆ ದೇವರಿಂದ. ಕಳವಳ ಉಳಿದರೆ ಅಲ್ಲ. ಕ್ಲಾರಾಬಾಯಿ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನೂ ಅಲ್ಲೇ ಇದ್ದೆ. ನನ್ನೊಳಗೆ ಕೇಳಿಸಿದ್ದು ಒಂದೇ ದನಿ. ಅದು ಊಟದ ವ್ಯವಸ್ಥೆಯ ಕುರಿತು ಮಾತಾಡುತ್ತಿತ್ತು.

ಕ್ಲಾರಾಬಾಯಿ ಪ್ರಯೋಗ ಶುರುಮಾಡಿದರು. ಒಂದು ವಾರ, ಬರ್ತಾಬಾಯಿಯನ್ನು ಮನೆಗೆ ತರುವುದೆಂದು ನಿರ್ಧರಿಸಿಕೊಂಡು ಬದುಕಿದರು. ಕಳವಳವೋ ಕಳವಳ. ಏಪ್ರನ್ನಿನ ಎಡತೋಳಿನ ಜಾಗಕ್ಕೆ ಬಲತೋಳು ಹೊಲಿದರು. ಮುಂದಿನ ವಾರ ಕಾರ್ಕಳವೆಂದು ನಿರ್ಧರಿಸಿಕೊಂಡರು. ಎಂಥ ಸಮಾಧಾನ! ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಕೀರ್ತನೆ ತಾನಾಗಿ ಬಾಯಿಗೆ ಬಂತು. ಸೂತ್ರದ ಪ್ರಕಾರ ದೇವರ ಇಷ್ಟ ಕಾರ್ಕಳವೇ. ಆದರೆ ಬೀಗ ಎಳೆದು ನೋಡುವ ಹೆಂಗಸಲ್ಲವೇ? ನಮ್ಮ ಇಗರ್ಜಿಯ ಗುರು, ವಿಗಾರ್ ಫಾದರ್ ಓಸ್ವಾಲ್ಡರ ಬಳಿ ಹೋದರು. ಬೇರೊಂದು ಕೆಲಸಕ್ಕೆಂದು ನಾನೂ ಅಲ್ಲಿ ಕೂತಿದ್ದೆ.

"ಫಾದರ್, ಅವರನ್ನು ಕಾರ್ಕಳಕ್ಕೆ ಕಳಿಸುವುದು ಎಂದುಕೊಂಡರೆ ನನಗೆ ತುಂಬ ಸಮಾಧಾನ ಆಗ್ತದೆ."

ಫಾದರ್ ಕನ್ನಡಕ ತೆಗೆದರು. "ಯಾವ ನಮೂನೆಯ ಸಮಾಧಾನ, ಬಾಯಿ? ಸಂಜೆ ಆರು ಗಂಟೆಗೆ ಮಣಿಪಾಲದಲ್ಲಿ ಬಸ್ಸು ಹತ್ತುವಾಗ ಕಿಟಕಿ ಬದಿ ಸೀಟು ಸಿಕ್ಕಿದರೆ ಆಗ್ತದಲ್ಲ, ಆ ನಮೂನೆಯದ್ದಾ?"

ಕ್ಲಾರಾಬಾಯಿ "ಹೆಚ್ಚು ಕಡಿಮೆ ಅದೇ," ಎಂದರು.

"ಅದಕ್ಕೆ ದೇವರೇ ಬೇಕೆಂದಿಲ್ಲ, ಸೀಟು ಸಾಕು."

"ಹಾಗಾದರೆ ಮನೆಗೆ ತರಬೇಕಾ?"

"ಯಾಕೆ ತರ್ತೀರಿ?"

"ಪ್ರೀತಿಯಿಂದ ಅಂತ ಹೇಳಬೇಕು. ಆದರೆ ಫಾದರ್, ಅವರನ್ನು ತಂದರೆ ವಾರ್ಡಿನವರೆಲ್ಲ 'ಕ್ಲಾರಾ ಎಂದರೆ ಸಂತಳು' ಅಂತಾರೆ. ಅದನ್ನು ನೆನೆಸಿದಾಗಲೂ ಒಂದು ಸಮಾಧಾನ ಆಗ್ತದೆ."

"ಹ್ಞಾ, ಜಾಗ್ರತೆ. ಆ ಇನ್ನೊಬ್ಬ ಕೆಲವೊಮ್ಮೆ ಒಳ್ಳೆಯ ಕೆಲಸವನ್ನೂ ಮಾಡಿಸ್ತಾನೆ, ಹೆಮ್ಮೆ ಬರಲಿ ಅಂತ." ಫಾದರ್ ಕನ್ನಡಕ ಹಾಕಿಕೊಂಡರು. "ಇನ್ನೂ ಸ್ವಲ್ಪ ಪ್ರಾರ್ಥನೆ ಮಾಡಿ."

ಹೊರಗೆ ಬಂದ ಕ್ಲಾರಾಬಾಯಿ ಮೆಟ್ಟಿಲಲ್ಲಿ ನಿಂತು ನನ್ನನ್ನು ಕೇಳಿದರು: "ಗುರ್ಕಾರರೇ, ತಂದರೆ ಸೈತಾನ, ತರದಿದ್ದರೆ ಸೀಟು. ಈಗ ನಾನು ಎಲ್ಲಿ ನಿಲ್ಲುವುದು?"

ಗುರ್ಕಾರನಾದವನು ಇಂಥ ಹೊತ್ತಿನಲ್ಲಿ ಏನಾದರೂ ಹೇಳಬೇಕು. "ನೊವೆನಾಕ್ಕೆ ಒಂದು ಚೀಟಿ ಹಾಕಿ," ಎಂದೆ.

ಅವರು ಹಾಕಿದರು. ನವೆಂಬರಿನ ಎರಡನೆಯ ಬುಧವಾರ. ಚೀಟಿಗಳಲ್ಲಿ ಹೆಸರು ಬರೆಯುವ ಪದ್ಧತಿಯಿಲ್ಲ. ಪರೀಕ್ಷೆ, ವೀಸಾ, ಮಂಡಿನೋವು ಎಂದು ಒಂದೊಂದೇ ಓದುತ್ತ ಬಂದೆ. ಐದನೆಯ ಚೀಟಿಯನ್ನು ಬಿಡಿಸಿದವನು, ಕನ್ನಡಕ ತರುವುದನ್ನು ಮರೆತಿದ್ದ ಕಾರಣ ದೀಪಕ್ಕೆ ಹಿಡಿದು, ಗಂಭೀರವಾದ ದನಿಯಲ್ಲಿ ಓದಿದೆ: "ಎದೆ ಮೂವತ್ತಾರು. ತೋಳು ಇಪ್ಪತ್ತೆರಡು. ಸೊಂಟ ಒಂದೂವರೆ ಬಿಡಿಸಬೇಕು. ಶುಕ್ರವಾರ ಅರ್ಜೆಂಟ್."

"ನಮ್ಮ ಬಿನ್ನಹ ಆಲಿಸು, ಮಾತೆಯೇ," ಎಂದಿತು ಇಡೀ ಇಗರ್ಜಿ. ಅಭ್ಯಾಸಬಲ.

ಅಷ್ಟಕ್ಕೆ ನಿಲ್ಲಿಸಿ ಮುಂದಿನ ಚೀಟಿಗೆ ಹೋಗಿದ್ದರೆ ಮಾತೆ ಮೂವತ್ತಾರರ ಎದೆಗೆ ಏನಾದರೂ ದಾರಿ ತೋರಿಸುತ್ತಿದ್ದಳು. ಆದರೆ ನನಗೆ ಕರ್ತವ್ಯಪ್ರಜ್ಞೆ. ಚೀಟಿಯನ್ನು ತಿರುಗಿಸಿ ನಿಜವಾದ ಬಿನ್ನಹವನ್ನೂ ಓದಿದೆ: "ಮಾತೆಯೇ, ಗಂಡನ ಅಕ್ಕನನ್ನು ಮನೆಗೆ ಕರೆತರಬೇಕೋ ಬೇಡವೋ ತಿಳಿಯುತ್ತಿಲ್ಲ. ಬರುವ ಭಾನುವಾರದೊಳಗೆ ಒಂದು ಗುರುತು ತೋರಿಸು. ದಯವಿಟ್ಟು ಸ್ಪಷ್ಟವಾದದ್ದು."

ಅಳತೆಯ ಚೀಟಿಯ ಹಿಂದೆ ಬಿನ್ನಹ ಬರೆಯುವವರು ನಮ್ಮ ಇಗರ್ಜಿಯಲ್ಲಿ ಒಬ್ಬರೇ. ಇನ್ನೂರು ತಲೆಗಳು ಒಟ್ಟಿಗೆ ಮೂರನೆಯ ಬೆಂಚಿನ ಕಡೆ ತಿರುಗಿದವು. ಕ್ಲಾರಾಬಾಯಿ ಮುಸುಕನ್ನು ಹಣೆಯವರೆಗೆ ಎಳೆದುಕೊಂಡರು. ಅಲೋಶಿಯಸ್ ಮಾತ್ರ ಎಲ್ಲರಂತೆ ಗಟ್ಟಿಯಾಗಿ "ನಮ್ಮ ಬಿನ್ನಹ ಆಲಿಸು" ಎಂದರು.

ನೊವೆನಾ ಮುಗಿದು ಹೊರಗೆ ಬಂದದ್ದೇ ಗುರುತುಗಳು ಸುರಿಯಲು ಶುರುವಾದವು. ಗಾಯನ ಮಂಡಳಿಯ ಜೆನಿಫರ್ ಓಡಿ ಬಂದಳು.

"ಕ್ಲಾರಾಬಾಯಿ, ಮೊನ್ನೆ ನನ್ನ ಕನಸಿನಲ್ಲಿ ಬರ್ತಾಬಾಯಿ ಬಂದಿದ್ರು. ನಿಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸ್ತಾ ಇದ್ರು. ಇದಕ್ಕಿಂತ ಸ್ಪಷ್ಟ ಎಂತ ಬೇಕು?"

"ನೀನು ಬರ್ತಾಬಾಯಿಯನ್ನು ನೋಡಿದ್ದೀಯಾ?"

"ಇಲ್ಲ. ಅದೇ ಆಶ್ಚರ್ಯ ಅಲ್ವಾ?"

ಇನ್ನೊಬ್ಬರು, ಅತ್ತೆಯನ್ನು ಆಶ್ರಮಕ್ಕೆ ಕಳಿಸಿ ಸುಖವಾಗಿದ್ದವರು, ಕಾರ್ಕಳವೇ ದೇವರ ಇಷ್ಟವೆಂದರು. ಅತ್ತೆಯನ್ನು ಮನೆಯಲ್ಲಿಟ್ಟುಕೊಂಡು ನರಳುತ್ತಿದ್ದವರು ಮನೆಗೆ ತರುವುದೇ ದೇವರ ಇಷ್ಟವೆಂದು ಹಟ ಹಿಡಿದರು. ತಮ್ಮೊಬ್ಬರಿಗೇ ಯಾಕೆ ಎಂಬ ಧಾಟಿಯಲ್ಲಿ. ಪಕ್ಕದ ಮನೆಯ ವಿನೋದಾ ಶೆಟ್ಟಿಯವರಿಗೂ ಸುದ್ದಿ ಮುಟ್ಟಿತ್ತು. "ಕ್ಲಾರಕ್ಕ, ನಮ್ಮಲ್ಲಾದರೆ ದೇವರ ಮುಂದೆ ಹೂ ಇಟ್ಟು ಕೇಳುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಐದು ನಿಮಿಷದ ಕೆಲಸ. ನಿಮ್ಮ ದೇವರು ಇಷ್ಟು ಉದ್ದ ಯಾಕೆ ಎಳೀತಾರೆ?" ಎಂದು ಕಂಪೌಂಡಿನ ಮೇಲಿಂದ ಕೇಳಿದರು. ಕ್ಲಾರಾಬಾಯಿಗೆ ಒಂದು ಕ್ಷಣ ಅಸೂಯೆಯೇ ಆಯಿತಂತೆ.

ಬಸ್ ಸ್ಟ್ಯಾಂಡಿನಲ್ಲಿ ಅವರ ಅವಸ್ಥೆ ಕೇಳುವುದು ಬೇಡ. ಗುರುವಾರ ಬೆಳಿಗ್ಗೆ ಅವರು ಕಾಲಿಟ್ಟದ್ದೇ ಕಂಡಕ್ಟರೊಬ್ಬ ಕಿವಿಯ ಬಳಿ "ಕಾಪು, ಕಾಪು, ಕಾಪು" ಎಂದು ಕೂಗಿದ. ಕ್ಲಾರಾಬಾಯಿ ನಿಂತಲ್ಲೇ ಶಿಲುಬೆಯ ಗುರುತು ಮಾಡಿದರು. ಹತ್ತು ಹೆಜ್ಜೆ ಮುಂದೆ ಇನ್ನೊಬ್ಬ "ಮಣಿಪಾಲ, ಕಾರ್ಕಳ, ಕಾರ್ಕಳ" ಎನ್ನುತ್ತಿದ್ದ. ಅವರು ದಿನಾ ಕೆಲಸಕ್ಕೆ ಹೋಗುತ್ತಿದ್ದದ್ದೇ ಆ ಬಸ್ಸಿನಲ್ಲಿ. ಹತ್ತೊಂಬತ್ತು ವರ್ಷಗಳಿಂದ ದಿನಾ ಕಾರ್ಕಳದ ಕಡೆಗೇ ಹೋಗುತ್ತಿದ್ದೇನಲ್ಲ ಎಂದು ಕಡಿಯಾಳಿ ದಾಟುವಾಗ ಹೊಳೆದು, ಬೆವರಿದರಂತೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಗುರುತಿಗೆ ಬರಗಾಲವೇ ಇಲ್ಲ; ದೇವರು ಯಾವ ಊರಿಗೆ ಹೋಗೆಂದರೂ ಅದಕ್ಕೆ ಮೂರು ನಿಮಿಷಕ್ಕೊಂದು ಬಸ್ಸುಂಟು.

ಭಾನುವಾರ ಬಂತು, ಹೋಯಿತು. ಸೋಮವಾರ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು.

"ಉಡುಪಿಯ ಗುರ್ಕಾರನಾ? ನಾನು ಕಾಪುವಿನ ಬರ್ತಾ. ನನ್ನ ವಿಷಯವನ್ನು ಮೈಕಿನಲ್ಲಿ ಓದಿದವನು ನೀನೇ ಅಲ್ವಾ? ಇಲ್ಲಿ ಮೂರು ವಾಟ್ಸಾಪ್ ಗ್ರೂಪಿನಲ್ಲಿ ಬಂತು. ದನಿ ಒಳ್ಳೆದುಂಟು, ಓದುವ ಮುಂಚೆ ಕಾಗದ ನೋಡಿಕೊಳ್ಳಬೇಕು. ಕ್ಲಾರಾಳನ್ನು ಕರಕೊಂಡು ಬಾ."

ಐವತ್ತಾರು ವರ್ಷದ ನಾನು "ಎಸ್, ಟೀಚರ್" ಎಂದೆ.

ನನ್ನದೇ ತಪ್ಪಾದ್ದರಿಂದ ನನ್ನದೇ ಕಾರು. ಅಲೋಶಿಯಸ್‌ಗೆ ಆ ದಿನವೇ ಹೊಟ್ಟೆ ಕೆಟ್ಟಿತು. ದಾರಿಯುದ್ದಕ್ಕೂ ಕ್ಲಾರಾಬಾಯಿ ಜಪಸರ ಹಿಡಿದಿದ್ದರು. ಕಟಪಾಡಿ ದಾಟುವಾಗ ತರುವುದೆಂದು ನಿಶ್ಚಯಿಸಿದರು. ಅದಕ್ಕೆ ಮುಂಚೆ ಉದ್ಯಾವರದಲ್ಲಿ ಬೇಡವೆಂದು ನಿಶ್ಚಯಿಸಿಯಾಗಿತ್ತು.

ಬರ್ತಾಬಾಯಿಯ ಮನೆಯಲ್ಲಿ ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಬಲಗೈಗೆ ಪಟ್ಟಿ. ಎಡಗೈಯಲ್ಲೇ ಚಹಾ ಮಾಡಿದರು. ಸಹಾಯಕ್ಕೆ ಎದ್ದ ಕ್ಲಾರಾಬಾಯಿಯನ್ನು ಕಣ್ಣಿನಲ್ಲೇ ಕೂರಿಸಿದರು. ಕಪ್ಪುಗಳನ್ನು ಇಟ್ಟು ಎದುರು ಕೂತರು.

"ಹೇಳು. ಮಾತೆ ಗುರುತು ತೋರಿಸಿದಳಾ?"

"ತೋರಿಸಿದ್ದು ಹೆಚ್ಚಾಯಿತು, ಬಾಯಿ," ಎಂದರು ಕ್ಲಾರಾಬಾಯಿ.

"ಸೆಪ್ಟೆಂಬರಿನಿಂದ ಹುಡುಕ್ತಾ ಇದ್ದೀಯಂತೆ. ಫಾದರನ್ನು ಕೇಳಿದೆ, ಗುರ್ಕಾರನನ್ನು ಕೇಳಿದೆ, ಮೈಕಿನಲ್ಲಿ ಊರಿಗೆಲ್ಲ ಕೇಳಿದೆ. ನನ್ನನ್ನು ಒಂದು ಮಾತು ಕೇಳಿದೆಯಾ? ನಾನು ಬರ್ತೇನಾ ಅಂತ?"

ಹೌದಲ್ಲ! ಅದು ನನಗೂ ಹೊಳೆದಿರಲಿಲ್ಲ. ಫಾದರಿಗೂ ಹೊಳೆದಿರಲಿಲ್ಲ. ದೇವರಿಗೆ ಹೊಳೆದಿತ್ತೋ ಏನೋ, ಅವನಿಗೆ ಮಾತಾಡಲು ನಾವು ಸಂದು ಕೊಟ್ಟಿರಲಿಲ್ಲ.

ಕ್ಲಾರಾಬಾಯಿ ಕಪ್ಪು ಕೆಳಗಿಟ್ಟರು. "ಬರ್ತೀರಾ?"

"ಅದು ನೀನು ಕೇಳುವುದಾ, ದೇವರು ಕೇಳಿಸುವುದಾ? ದೇವರು ಹೇಳಿದ ಅಂತ ಕರೆಯುವುದಾದರೆ ನಾನು ಬರುವವಳಲ್ಲ. ಯಾರದ್ದೋ ಹೆಗಲಿಗೆ ಶಿಲುಬೆಯಾಗಿ ಕೂರಲಿಕ್ಕೆ ನನಗೆ ಮನಸ್ಸಿಲ್ಲ. ಕಾರ್ಕಳದಲ್ಲಿ ಮಂಚ ಉಂಟು, ಸಿಸ್ಟರುಗಳಿಗೆ ಶಿಲುಬೆ ಹೊತ್ತು ಅಭ್ಯಾಸವೂ ಉಂಟು. ನಿನಗೆ ನಾನು ಬೇಕಾ? ಅಷ್ಟು ಹೇಳು."

ಅಲೋಶಿಯಸ್‌ರ ಹೊಟ್ಟೆನೋವು ನನಗೆ ಬರಬಾರದಿತ್ತೇ ಎನಿಸಿತು.

"ಇಲ್ಲ," ಎಂದರು ಕ್ಲಾರಾಬಾಯಿ. ತಮ್ಮ ಬಾಯಿಂದ ಬಂದ ಮಾತಿಗೆ ತಾವೇ ಬೆಚ್ಚಿಬಿದ್ದರು. "ಅಲ್ಲ. ಅಂದರೆ... ಗೊತ್ತಿಲ್ಲ, ಬಾಯಿ. ಆ ಕೋಣೆ ಉಂಟಲ್ಲ, ಮೆಲಿಷಾಳದ್ದು. ಸಂಜೆ ಬಂದು ಬಾಗಿಲು ಹಾಕಿ ಕೂತ್ಕೊಳ್ತೇನೆ. ಹೊಲಿಗೆ ಇಲ್ಲದಿದ್ದರೂ ಕೂತ್ಕೊಳ್ತೇನೆ. ನನಗೆ ಅಂತ ಇರುವುದು ಅದೊಂದೇ. ನೀವು ಬಂದರೆ ಅದು ಹೋಗ್ತದೆ ಅಂತ ಹೊಟ್ಟೆ ಉರೀತದೆ. ನೀವು ಕಾರ್ಕಳಕ್ಕೆ ಹೋದರೆ ಆ ಕೋಣೆ ನನಗೇ ಉಳೀತದೆ. ಆದರೆ ಆಮೇಲೆ ಅದರಲ್ಲಿ ಕೂತುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ ಅಂತಲೂ ಕಾಣ್ತದೆ. ಇದು ಪ್ರೀತಿಯಾ, ಹೆದರಿಕೆಯಾ, ಪಾಪವಾ, ನನಗೆ ಒಂದೂ ಗೊತ್ತಾಗುವುದಿಲ್ಲ." ಹೇಳುತ್ತ ಹೇಳುತ್ತ ಅಳಲು ಶುರುಮಾಡಿದರು.

ಬರ್ತಾಬಾಯಿ ಅಳು ನಿಲ್ಲುವವರೆಗೆ ಕಾದರು. ಮೂವತ್ತೆಂಟು ವರ್ಷ ಅಳುವ ಮಕ್ಕಳನ್ನು ಕಂಡವರು; ಅವಸರವಿರಲಿಲ್ಲ.

"ಈ ಕೋಣೆಯ ವಿಷಯ ದೇವರಿಗೆ ಹೇಳಿದ್ದೀಯಾ?"

"ಇಲ್ಲ."

"ಫಾದರಿಗೆ?"

"ಇಲ್ಲ. ನಾಚಿಕೆ."

"ಮತ್ತೆ ಅವರೆಲ್ಲ ಎಂತದ್ದಕ್ಕೆ ಉತ್ತರ ಕೊಡುವುದು, ಮಾರಾಯ್ತಿ? ಪ್ರಶ್ನೆಯನ್ನೇ ಬರೆಯದೆ ಉತ್ತರಕ್ಕೆ ಕೂತಿದ್ದೀಯ." ಬರ್ತಾಬಾಯಿ ಎಡಗೈಯಿಂದ ತಮ್ಮ ಸೆರಗಿನ ತುದಿಯನ್ನೇ ಅವರಿಗೆ ಕೊಟ್ಟರು, ಮೂಗು ಒರೆಸಿಕೊಳ್ಳಲು. "ನನಗೂ ಒಂದು ಹೆದರಿಕೆ ಉಂಟು. ಆಶ್ರಮದಲ್ಲಿ ಎಲ್ಲರೂ ನನ್ನನ್ನು ನೋಡಿ ಅಯ್ಯೋ ಪಾಪ ಅಂತಾರೆ. ನಿನ್ನ ಮನೆಗೆ ಬಂದರೆ ನೀನು ಪಾಪ ಅಂತ ಹೇಳಲಿಕ್ಕಿಲ್ಲ, ಸಿಟ್ಟು ಮಾಡ್ತೀ. ಸಿಟ್ಟಾದರೆ ನನಗೆ ಅಡ್ಡಿಯಿಲ್ಲ. ನಿಮ್ಮ ಹಾಲಿನಲ್ಲಿ ಎಂತ ಉಂಟು?"

"ಸೋಫಾ. ಇವರ ಟಿವಿ."

"ದೊಡ್ಡದಾ?"

"ಗೋಡೆಯಷ್ಟು."

"ಅದನ್ನು ತೆಗೆದರೆ ಅಲ್ಲಿ ನನ್ನ ಮಂಚ ಹಿಡೀತದೆ. ಅಲೋಶಿಗೆ ಹೇಳು, ದೇವರ ಇಷ್ಟ ಅಂತ."

ಕ್ಲಾರಾಬಾಯಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು.

ನವೆಂಬರ್ ಇಪ್ಪತ್ತೆಂಟಕ್ಕೆ ಬರ್ತಾಬಾಯಿ ಬನ್ನಂಜೆಗೆ ಬಂದರು. ಟಿವಿಯನ್ನು ಮೆಲಿಷಾಳ ಗಂಡ ಬಂದು ಒಯ್ದ. ಅಲೋಶಿಯಸ್ ಎರಡು ದಿನ ಖಾಲಿ ಗೋಡೆಯ ಮುಂದೆ ಕೂತಿದ್ದು, ಮೂರನೆಯ ದಿನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಸ್ವಂತ ಅಭಿಪ್ರಾಯ ಹೇಳಿದರು: "ಇದು ಸರಿಯಾಗಲಿಲ್ಲ." ಆದರೆ ತಡವಾಗಿತ್ತು.

ಹತ್ತು ತಿಂಗಳಾಯಿತು. ಮೊನ್ನೆ ವಾರ್ಡಿನ ಪ್ರಾರ್ಥನೆಗೆ ಹೋದವನು ಅಂಗಳದಲ್ಲಿ ಕ್ಲಾರಾಬಾಯಿಯನ್ನು ಕೇಳಿದೆ. "ಈಗ ಹೇಗೆ? ದೇವರ ಇಷ್ಟವೇ ಆದದ್ದಲ್ಲವಾ?"

"ಅದೇ ಗೊತ್ತಾಗುವುದಿಲ್ಲ, ಗುರ್ಕಾರರೇ," ಎಂದರು. "ಬೆಳಿಗ್ಗೆ ಅವರ ಜಡೆ ಹಾಕುವಾಗ ಒಂದು ಸಮಾಧಾನ ಬರ್ತದೆ. ಸೀಟು ಸಿಕ್ಕಿದ ನಮೂನೆಯದ್ದಲ್ಲ. ನಿಂತುಕೊಂಡೇ ಹೋಗುವಾಗ ಬರುವಂಥದ್ದು. ದೇವರದ್ದೇ ಇರಬೇಕು ಅಂದುಕೊಳ್ತೇನೆ. ಮಧ್ಯಾಹ್ನ ಅಂಗಡಿಗೆ ಫೋನು ಮಾಡಿ, ಸಾರಿಗೆ ಹುಳಿ ಜಾಸ್ತಿ ಅಂತ ಹೇಳ್ತಾರೆ. ಆಗ ಕಾರ್ಕಳದ ಬಸ್ಸು ಕಣ್ಣಿಗೆ ಕಾಣ್ತದೆ. ಸಂಜೆ ಬಾಗಿಲು ಹಾಕಿ ಕೂತರೆ ಹತ್ತು ನಿಮಿಷ ಸುಮ್ಮನಿರ್ತಾರೆ. ಗಡಿಯಾರ ನೋಡಿಕೊಂಡು ಸುಮ್ಮನಿರ್ತಾರೆ ಅಂತ ಕಾಣ್ತದೆ. ಆಮೇಲೆ ಬಾಗಿಲು ತಟ್ಟುತ್ತಾರೆ."

"ಬೇಜಾರಾಗ್ತದಾ?"

ಒಳಗಿನಿಂದ ಬರ್ತಾಬಾಯಿಯ ದನಿ ಬಂತು: "ಕ್ಲಾರಾ, ಗುರ್ಕಾರನ ಹತ್ತಿರ ಮಾತು ಸಾಕು, ಜಪಸರ ಶುರು ಮಾಡುವ! ಅವನಿಗೆ ಓದಲಿಕ್ಕೆ ಕೊಡಬೇಡ!"

ಕ್ಲಾರಾಬಾಯಿ ಒಳಗೆ ಹೋಗಲು ತಿರುಗಿದವರು, ಮೆಟ್ಟಿಲ ಬಳಿ ಸ್ವಲ್ಪ ನಿಂತರು.

"ಮೊನ್ನೆ ಅವರಿಗೆ ಜ್ವರ ಇತ್ತು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು, ಬಾಗಿಲು ತಟ್ಟಲಿಲ್ಲ. ನನಗೆ ಕೂತುಕೊಳ್ಳಲಿಕ್ಕೇ ಆಗಲಿಲ್ಲ. ಎದ್ದು ನಾನೇ ತೆಗೆದೆ," ಎಂದರು. "ಇದಕ್ಕೆ ಎಂತ ಹೇಳ್ತಾರೆ, ಗುರ್ಕಾರರೇ?"

ಗುರ್ಕಾರನಾದವನು ಏನಾದರೂ ಹೇಳಬೇಕಿತ್ತು. ಚಪ್ಪಲಿ ಕಳಚಿ ಅವರ ಹಿಂದೆ ಒಳಗೆ ಹೋದೆ.